ಮದ್ದು ಮತ್ತು ಮಡಿಲು

ಮದ್ದೆಂದರೆ ರೋಗವನ್ನು ಕಳೆಯುವಂಥದು ಎಂದು ನಾವೆಲ್ಲ ತಿಳಿದಿದ್ದೇವೆ. ಅದೇ ಮದ್ದು ರೋಗದೊಡನೆ ಮತ್ತೊಂದನ್ನೂ ಕಳೆದರೆ? ಇಪ್ಪತ್ತರ ಹರೆಯದ ಹೆಣ್ಣುಮಗಳೊಬ್ಬಳು ಕ್ಯಾನ್ಸರಿನಿಂದ ಗುಣಹೊಂದಿ ಮನೆಗೆ ಮರಳಿದಳೆನ್ನಿ. ಮುಂದೆ ಅವಳ ಮಡಿಲು ತುಂಬುವುದೆ? ವೈದ್ಯಶಾಸ್ತ್ರವು ಈ ಪ್ರಶ್ನೆಯನ್ನು ಕೇಳಲು ಬಹುಕಾಲ ಹಿಡಿಯಿತು. ಅದೇಕೆಂಬುದನ್ನು ಇತಿಹಾಸವೇ ಹೇಳುತ್ತದೆ.

ಕ್ಯಾನ್ಸರಿನ ಮೊದಲ ಮದ್ದುಗಳಲ್ಲೊಂದು ರಣರಂಗದ ವಿಷದಿಂದ ಹುಟ್ಟಿತು. 1917ರಲ್ಲಿ ಜರ್ಮನರು ಬೆಲ್ಜಿಯಮ್ಮಿನಲ್ಲಿ ಪ್ರಯೋಗಿಸಿದ ಸಾಸಿವೆ ಅನಿಲವು ಮೈಯನ್ನು ಸುಡುವುದಲ್ಲದೆ ರಕ್ತದ ಬಿಳಿಯ ಕಣಗಳನ್ನೂ ನಾಶಮಾಡುತ್ತಿತ್ತು. ಅದರ ಸಮೀಪದ ಬಂಧುವಾದ ನೈಟ್ರೊಜನ್ ಮಸ್ಟರ್ಡನ್ನು ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಗುಡ್‌ಮನ್ ಮತ್ತು ಗಿಲ್‌ಮನ್ ಪರೀಕ್ಷಿಸಿದರು. 1942ರಲ್ಲಿ ಅದನ್ನು ಒಬ್ಬ ರೋಗಿಗೆ ಕೊಡಲಾಯಿತು. ಗಡ್ಡೆ ಕರಗಿತು, ಆದರೆ ಮರಳಿ ಬಂದಿತು. ರೋಗಿಯ ಆಯುಷ್ಯವನ್ನು ವಾರಗಳಲ್ಲಿ ಎಣಿಸುತ್ತಿದ್ದ ಆ ದಿನಗಳಲ್ಲಿ ಸಂತಾನದ ಮಾತೆಲ್ಲಿ ಬಂದೀತು?

1964ರಿಂದ ಅಮೆರಿಕದ ಬೆಥೆಸ್ಡಾದಲ್ಲಿ ಡಾ. ವಿನ್ಸೆಂಟ್ ಡೆವೀಟಾ ಮತ್ತು ಅವರ ಸಂಗಡಿಗರು ಹಾಜ್‌ಕಿನ್ ರೋಗಕ್ಕೆ ನಾಲ್ಕು ಮದ್ದುಗಳನ್ನು ಒಟ್ಟಿಗೆ ಕೊಡತೊಡಗಿದರು. ಅವುಗಳಲ್ಲೊಂದು ಇದೇ ನೈಟ್ರೊಜನ್ ಮಸ್ಟರ್ಡ್. ಐವರಲ್ಲಿ ಸುಮಾರು ನಾಲ್ವರ ಮೈಯಲ್ಲಿ ರೋಗದ ಚಿಹ್ನೆಯೇ ಉಳಿಯಲಿಲ್ಲವೆಂದು 1970ರಲ್ಲಿ ವರದಿಯಾಯಿತು. ಹಾಜ್‌ಕಿನ್ ರೋಗ ಹೆಚ್ಚಾಗಿ ಹರೆಯದವರನ್ನು ಹಿಡಿಯುವಂಥದು. ಬದುಕಿ ಉಳಿದವರಿಗೆ ತಾನೆ ನಾಳಿನ ಚಿಂತೆ! 1979ರಲ್ಲಿ ಲಂಡನ್ನಿನ ವೈದ್ಯರು ಇಂಥದೇ ಚಿಕಿತ್ಸೆ ಪಡೆದಿದ್ದ ಹೆಂಗಸರನ್ನು ಪರೀಕ್ಷಿಸಿದಾಗ ಅನೇಕರ ಅಂಡಾಶಯಗಳು ಸೋತಿದ್ದುವು. ನಡುವಯಸ್ಸಿನಲ್ಲಿ ನಿಲ್ಲಬೇಕಾದ ಮುಟ್ಟು ಹರೆಯದಲ್ಲಿಯೇ ನಿಂತಿತ್ತು. ವಯಸ್ಸು ಹೆಚ್ಚಿದಷ್ಟೂ ಹಾನಿಯೂ ಬೇಗ.

ಕಾರಣವನ್ನು ಸರಳವಾಗಿ ಹೇಳಬಹುದು. ಹೆಣ್ಣುಮಗು ಹುಟ್ಟುವಾಗಲೇ ಹತ್ತರಿಂದ ಇಪ್ಪತ್ತು ಲಕ್ಷ ಅಂಡಬೀಜಗಳನ್ನು ತಂದಿರುತ್ತದೆ. ಮೈನೆರೆಯುವ ಹೊತ್ತಿಗೆ ಉಳಿಯುವುದು ಮೂರು ನಾಲ್ಕು ಲಕ್ಷ. ಇದು ಕಣಜದಲ್ಲಿಟ್ಟ ಬಿತ್ತನೆಯ ಕಾಳಿನಂತೆ: ಖರ್ಚುಂಟು, ಹೊಸ ಬೆಳೆಯಿಲ್ಲ. ಮಸ್ಟರ್ಡ್ ಕುಲದ ಮದ್ದುಗಳು ನಿದ್ರಿಸುತ್ತಿರುವ ಬೀಜವನ್ನೂ ಬಿಡುವುದಿಲ್ಲ.

ಎಲ್ಲ ಮದ್ದುಗಳೂ ಹಾಗಲ್ಲ. 1956ರಲ್ಲಿ ಡಾ. ಲೀ ಮತ್ತು ಡಾ. ಹರ್ಟ್ಸ್, ಬಸಿರಿನ ಮಾಸಿನಿಂದ ಹುಟ್ಟುವ ಒಂದು ಕ್ಯಾನ್ಸರಿಗೆ ಮೆಥೊಟ್ರೆಕ್ಸೇಟ್ ಕೊಟ್ಟು ಗುಣಪಡಿಸಿದರು. ಆ ಮದ್ದಿನಿಂದ ಗುಣವಾದ ಹೆಂಗಸರಲ್ಲಿ ಎಷ್ಟೋ ಮಂದಿ ಮುಂದೆ ಮಕ್ಕಳನ್ನು ಹೆತ್ತರು. ಆ ಮದ್ದು ಒಡೆದು ಬೆಳೆಯುತ್ತಿರುವ ಕಣಗಳನ್ನು ಕೊಲ್ಲುತ್ತದೆ. ಮಲಗಿರುವ ಬೀಜಗಳನ್ನು ಬಹುಮಟ್ಟಿಗೆ ಉಳಿಸುತ್ತದೆ. ಹಾಜ್‌ಕಿನ್ ರೋಗಕ್ಕೂ ಮಿಲಾನಿನ ಡಾ. ಬೊನಡೊನ್ನ 1970ರ ದಶಕದಲ್ಲಿ ಬೇರೊಂದು ಕೂಟವನ್ನು ರಚಿಸಿದರು. ಅದರಿಂದ ಅಂಡಾಶಯಕ್ಕೆ ಆಗುವ ಪೆಟ್ಟು ಬಹಳ ಕಡಿಮೆ.

ಪೆಟ್ಟು ಬೀಳುವ ಮೊದಲೇ ಬೀಜವನ್ನು ತೆಗೆದಿಟ್ಟರೆ ಹೇಗೆ? 1978ರಲ್ಲಿ ಕಲ್ಕತ್ತೆಯ ಡಾ. ಸುಭಾಷ್ ಮುಖರ್ಜಿ ಶೈತ್ಯದಲ್ಲಿ ಕಾಪಿಟ್ಟ ಭ್ರೂಣದಿಂದ ಶಿಶುವೊಂದು ಜನಿಸಿತೆಂದು ಸಾರಿದಾಗ ನಮ್ಮವರೇ ನಂಬಲಿಲ್ಲ; ಮನ್ನಣೆ ದೊರೆತದ್ದು ಅವರ ಮರಣಾನಂತರ. 1997ರಲ್ಲಿ ಬ್ರಸೆಲ್ಸಿನ ವೈದ್ಯರು ಹಾಜ್‌ಕಿನ್ ರೋಗದ ಯುವತಿಯೊಬ್ಬಳ ಅಂಡಾಶಯದ ತುಣುಕನ್ನು ಚಿಕಿತ್ಸೆಗೆ ಮುಂಚೆ ತೆಗೆದು ಕಾಪಿಟ್ಟರು. ಅವಳು ಗುಣವಾದ ಮೇಲೆ ಅದನ್ನು ಮರಳಿ ಕಸಿಮಾಡಿದರು. 2004ರಲ್ಲಿ ಅವಳು ಹೆಣ್ಣುಮಗುವಿನ ತಾಯಿಯಾದಳು.

ಈ ಮುನ್ನೆಚ್ಚರಿಕೆಯ ಮಾತನ್ನು ವೈದ್ಯರೇ ಎತ್ತಬೇಕೆಂದು ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘವು 2006ರಲ್ಲಿ ವಿಧಿಸಿತು. ಅಂಡಗಳನ್ನು ತೆಗೆದು ಕಾಪಿಡಲು ಸುಮಾರು ಎರಡು ವಾರ ಸಾಕು. ಖರ್ಚುಂಟು, ಫಲ ಖಂಡಿತವೆನ್ನುವಂತಿಲ್ಲ. ರೋಗ ತಡೆಯದಿದ್ದಲ್ಲಿ ಕಾಯುವಂತೆಯೂ ಇಲ್ಲ. ಆದರೆ ಕೇಳಲು ಖರ್ಚಿಲ್ಲ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಇಂಥ ಸಂಕಟ ಬಂದರೆ, ಮೊದಲ ಮದ್ದು ಮೈಗೇರುವ ಮುನ್ನ ವೈದ್ಯರನ್ನು ಕೇಳಿರಿ. “ಜೀವ ಉಳಿಯಲಿ, ಉಳಿದದ್ದು ಆಮೇಲೆ” ಎಂದು ಹಿರಿಯರು ಅನ್ನುವುದು ಮಮತೆಯಿಂದಲೇ. ಆದರೆ ಈ ವಿಷಯದಲ್ಲಿ ‘ಆಮೇಲೆ’ ಎಂಬುದು ತಡವಾಗಬಹುದು. ಹಿರಿಯರನ್ನು ಕೇಳುವಂತೆಯೇ ಆ ಹೆಣ್ಣುಮಗಳನ್ನೂ ಕೇಳಿರಿ. ಮುಂದಿನ ಬಾಳು ಅವಳದಲ್ಲವೆ?