ಅಂಕಿತನಾಮ (ಮಾನ್ವಿ ಸೀಮೆ)

ಹಾಡಿನ ಕೊನೆಯ ನುಡಿಯಲ್ಲಿ ಕವಿ ತನ್ನ ಹೆಸರಿನ ಬದಲು ಇಡುವ ದೈವದ ಹೆಸರೇ ಅಂಕಿತ. ವಚನಗಳಲ್ಲಿ ಇದನ್ನು ಮುದ್ರಿಕೆ ಎನ್ನುವುದೂ ಉಂಟು. ರಾಯಚೂರು ಜಿಲ್ಲೆಯಲ್ಲಿ ಇದರ ಹಳೆಯ ಜಾಡು 12ನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನಲ್ಲಿ ಸಿಗುತ್ತದೆ. ಲಿಂಗಸುಗೂರು ಸೀಮೆಯ ಈಕೆಯ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಅದರಲ್ಲಿ ಗಂಡನಿದ್ದಾನೆ, ಊರ ದೇವರಿದ್ದಾನೆ, ಲಕ್ಕಮ್ಮನೇ ಇಲ್ಲ.

18ನೆಯ ಶತಮಾನದಲ್ಲಿ ಮಾನ್ವಿ, ದೇವದುರ್ಗಗಳ ಸುತ್ತ ದಾಸಸಾಹಿತ್ಯ ಮತ್ತೆ ಚಿಗುರಿತು. ಚೀಕಲಪರ್ವಿಯ ದಾಸಪ್ಪ ‘ವಿಜಯವಿಠಲ’ ಅಂಕಿತದ ವಿಜಯದಾಸರಾದರು (ನಿಧನ 1755). ಕಾಶಿಯಲ್ಲಿ ಪುರಂದರದಾಸರೇ ಕನಸಿನಲ್ಲಿ ಬಂದು ಅಂಕಿತ ಕೊಟ್ಟರೆಂಬುದು ಐತಿಹ್ಯ. ಅವರ ಶಿಷ್ಯ, ಮೊಸರುಕಲ್ಲಿನ ಭಾಗಣ್ಣ, ‘ಗೋಪಾಲವಿಠಲ’ ಅಂಕಿತದ ಗೋಪಾಲದಾಸರಾದರು. ಬ್ಯಾಗವಾಟದ ಶ್ರೀನಿವಾಸಾಚಾರ್ಯರ ಕತೆ ಇನ್ನೂ ಸ್ವಾರಸ್ಯದ್ದು. ಸಂಸ್ಕೃತ ಪಂಡಿತರಾದ ಅವರು ಕನ್ನಡದ ಹಾಡುದಾಸರನ್ನು ಹಗುರಾಗಿ ಕಂಡು, ಹೊಟ್ಟೆಶೂಲೆಯಿಂದ ನರಳಿ, ಕೊನೆಗೆ ಗೋಪಾಲದಾಸರ ಮೊರೆಹೊಕ್ಕರಂತೆ. ಗುರು ತಮ್ಮ ಆಯುಷ್ಯದಲ್ಲಿ 40 ವರ್ಷ ಧಾರೆಯೆರೆದರು ಎಂದು ಸಂಪ್ರದಾಯ ನಂಬುತ್ತದೆ. ಪಂಢರಪುರದಲ್ಲಿ ‘ಜಗನ್ನಾಥವಿಠಲ’ ಅಂಕಿತ ಪಡೆದ ಅವರು ಭಾಮಿನಿ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ ಬರೆದರು. 1809ರಲ್ಲಿ ಮಾನ್ವಿಯಲ್ಲಿ ತೀರಿಕೊಂಡರು. ಹುಟ್ಟುಹೆಸರು ಇಂದು ಚರಿತ್ರೆಕಾರರಿಗಷ್ಟೇ ಬೇಕು.

ಅಂಕಿತವನ್ನು ಗುಪ್ತನಾಮವೆಂದು ಕರೆಯುವುದು ಸರಿಯಲ್ಲ. ದಾಸರಲ್ಲಿ ಅದನ್ನು ಕವಿ ತಾನೇ ಆರಿಸಿಕೊಳ್ಳುವುದಲ್ಲ, ಗುರು ಕೊಡುವುದು. ಕೈಬರಹ, ಭಜನೆ, ಬಾಯಿಪಾಠಗಳ ಕಾಲದಲ್ಲಿ ಹಾಡು ಯಾವ ಗುರುಪರಂಪರೆಯದೆಂದು ಹೇಳುತ್ತಿದ್ದುದು ಅದೇ. ರಾಣೆಬೆನ್ನೂರಿನ ಕಡೆಯ ಹೆಳವನಕಟ್ಟೆ ಗಿರಿಯಮ್ಮನಿಗೆ ಗೋಪಾಲದಾಸರೇ ಅಂಕಿತ ಕೊಟ್ಟರೆಂದು ಪ್ರತೀತಿ. ಹೆಣ್ಣಿನ ಹಾಡಿಗೆ ಅದು ಸಣ್ಣ ಆಸರೆಯಾಗಿರಲಾರದು. ಆದರೆ ಅಂಕಿತ ಸುಲಭವಾಗಿ ಕೈ ಬದಲಾಗುವ ವಸ್ತು ಕೂಡ. ‘ಪುರಂದರವಿಠಲ’ ಎಂದು ಮುಗಿಯುವ ಹಾಡುಗಳೆಲ್ಲ ಪುರಂದರದಾಸರವೇ ಎಂಬ ಅನುಮಾನ ಸಂಪಾದಕರನ್ನು ಇಂದಿಗೂ ಬಿಟ್ಟಿಲ್ಲ.

ಅಚ್ಚಿನ ಕಾಲದಲ್ಲಿ ಹೆಸರು ಬದಲಿಸುವುದಕ್ಕೆ ಬೇರೆ ಕಾರಣಗಳು ಬಂದವು. ಮಾಸ್ತಿ ‘ಶ್ರೀನಿವಾಸ’ ಎಂದೂ ಬೇಂದ್ರೆ ‘ಅಂಬಿಕಾತನಯದತ್ತ’ ಎಂದೂ ಬರೆದರೂ ಓದುಗರಿಂದ ಮುಚ್ಚಿಟ್ಟದ್ದೇನಿಲ್ಲ. ನಿಜವಾದ ವೇಷ ತೊಟ್ಟವರು ಕಾರ್ಕಳದ ಬಳಿಯ ನಂದಳಿಕೆ ಲಕ್ಷ್ಮೀನಾರಣಪ್ಪ (1870–1901). ಉಡುಪಿಯಲ್ಲಿ ವ್ಯಾಯಾಮದ ಮೇಷ್ಟರಾಗಿದ್ದ ಅವರು ‘ರಾಮಾಶ್ವಮೇಧ’ವನ್ನು ಮುದ್ದಣನೆಂಬ ಹಳೆಯ ಕವಿಯ ಕೃತಿ ಎಂದು ಮೈಸೂರಿನ ಪತ್ರಿಕೆಗೆ ಕಳಿಸಿದರು. ಹಳಗನ್ನಡದ ಗ್ರಂಥಗಳಿಗೆ ಹುಡುಕಾಟ ನಡೆದಿದ್ದ ಕಾಲ. ಹೊಸಬನ ಬರಹಕ್ಕಿಂತ ಹಳಬನ ಓಲೆಗೆ ಬೆಲೆ ಹೆಚ್ಚು. ಕ್ಷಯದಿಂದ 31ರ ಹರೆಯದಲ್ಲೇ ಅವರು ತೀರಿಕೊಂಡರು. ಮುದ್ದಣ ಇವರೇ ಎಂಬುದು ನಾಡಿಗೆಲ್ಲ ತಿಳಿದದ್ದು ಆಮೇಲೆ.