ಬನದ ಕಲ್ಲಿಗೆ ಯಾರ ಹೆಸರು?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆ ಹಳೇ ಮನೆ ಇದ್ದಲ್ಲಿ ಸಾಮಾನ್ಯವಾಗಿ ಒಂದು ಬನವೂ ಇರುತ್ತದೆ. ತೋಟದ ತಲೆಯಲ್ಲೋ ಗದ್ದೆ ಅಂಚಿನಲ್ಲೋ ನಾಲ್ಕು ದೊಡ್ಡ ಮರ, ಬುಡದಲ್ಲಿ ಪಾಚಿ ಹಿಡಿದ ಕೆಲವು ಕಲ್ಲು. ಒಂದು ಪಂಜುರ್ಲಿ, ಒಂದು ಜಟ್ಟಿಗ, ಒಂದು ಚೌಡಿ, ಮತ್ತೊಂದು ಕಲ್ಲುಕುಟಿಗ. ವರ್ಷಕ್ಕೊಮ್ಮೆ ಸುತ್ತಲಿನ ಕಸ ಸವರಿ, ಹಣ್ಣುಕಾಯಿ ಮಾಡಿ, ಹರಕೆ ಇದ್ದವರು ಕೋಳಿ ಕೊಯ್ದು ಬರುತ್ತಾರೆ. ಇವರೆಲ್ಲ ಯಾರು ಅಂತ ಮಕ್ಕಳು ಕೇಳಿದರೆ, "ಭೂತ, ಹತ್ರ ಹೋಗ್ಬೇಡ" ಅನ್ನುವಲ್ಲಿಗೆ ಉತ್ತರ ಮುಗಿಯುತ್ತದೆ.

ಆ ಉತ್ತರ ಅಷ್ಟು ಬೇಗ ಮುಗಿಯಬಾರದಿತ್ತು. ಭೂತ ಅಂದರೆ ಆಗಿಹೋದದ್ದು. ಶಾಲೆಯಲ್ಲಿ ಕಲಿತ ಭೂತಕಾಲದ ಭೂತವೂ ಇದೇ. ಅದು ದೆವ್ವ ಎಂಬ ಅರ್ಥಕ್ಕೆ ಗಂಟುಬೀಳುವುದರಲ್ಲಿ ಪರದೇಶದವರ ಪಾಲೂ ಇದೆ. ಮಂಗಳೂರಲ್ಲಿ ನ್ಯಾಯಾಧೀಶನಾಗಿದ್ದ ಎ.ಸಿ. ಬರ್ನೆಲ್ ಎಂಬ ಇಂಗ್ಲಿಷ್ ಅಧಿಕಾರಿ ತುಳು ಪಾಡ್ದನಗಳನ್ನು ಸಂಗ್ರಹಿಸಿದ್ದ. ಅವನು ತೀರಿಕೊಂಡ ಮೇಲೆ, 1894ರಿಂದ, 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಅವು ಅಚ್ಚಾದವು. ಕೆಲಸ ದೊಡ್ಡದು, ಇವತ್ತಿಗೂ ಸಂಶೋಧಕರು ಅದನ್ನು ತೆರೆಯುತ್ತಾರೆ. ಆದರೆ ತಲೆಬರಹದ ಅರ್ಥ 'ತುಳುವರ ದೆವ್ವಪೂಜೆ'.

ಇದೇ ಪಾಡು ಪಶ್ಚಿಮ ಆಫ್ರಿಕಾದ ಯೊರುಬಾ ಜನರಿಗೂ ಬಂತು. ನೈಜೀರಿಯಾದ ನೈಋತ್ಯ ಭಾಗ ಮತ್ತು ಪಕ್ಕದ ಬೆನಿನ್ ದೇಶದಲ್ಲಿ ಅವರಿದ್ದಾರೆ. ಬೈಬಲನ್ನು ಯೊರುಬಾ ಭಾಷೆಗೆ ತಂದ ಸ್ಯಾಮ್ಯುಯೆಲ್ ಅಜಾಯಿ ಕ್ರೌಥರ್ ಸ್ವತಃ ಯೊರುಬಾದವನೇ. ಸೈತಾನ ಎಂಬ ಪದಕ್ಕೆ ಅವನು ಬಳಸಿದ್ದು ಎಶು ಎಂಬ ಅವರದೇ ದೇವರ ಹೆಸರನ್ನು. ಆ ದೇವರಿಗೆ ಅಂಟಿದ ಕೆಟ್ಟ ಹೆಸರು ಇನ್ನೂ ಬಿಟ್ಟಿಲ್ಲ.

ಯೊರುಬಾದವರ ಎಗುಂಗುನ್ ಹಬ್ಬ ನಮ್ಮ ಘಟ್ಟದ ಕೆಳಗಿನ ಕೋಲವನ್ನು ನೆನಪಿಸುತ್ತದೆ. ಸತ್ತ ಹಿರಿಯರು ಊರಿಗೆ ಮರಳಿ ಬರುತ್ತಾರೆ ಎಂಬುದು ನಂಬಿಕೆ. ವೇಷ ಹಾಕಿದವನ ಚರ್ಮ ಒಂದಿಷ್ಟೂ ಕಾಣಬಾರದು. ತಲೆಯಿಂದ ಪಾದದವರೆಗೆ ಪದರ ಪದರ ಬಟ್ಟೆ, ಮನೆತನದವರು ಕಾಲಕಾಲಕ್ಕೆ ಹೊಸ ಪಟ್ಟಿ ಸೇರಿಸುತ್ತಾ ಹೋಗುತ್ತಾರೆ. ಹಾಗಾಗಿ ಹಳೇ ವೇಷ ಅಂದರೆ ನಾಲ್ಕಾರು ತಲೆಮಾರಿನ ಬಟ್ಟೆ. ದನಿಯೂ ಮನುಷ್ಯನದಲ್ಲ ಎಂಬಂತೆ ಬದಲಾಗುತ್ತದೆ. ಒಳಗಿರುವವನು ಯಾರು ಅಂತ ಗೊತ್ತಿದ್ದರೂ ಹೇಳುವಂತಿಲ್ಲ. ಜನ ಅವನನ್ನು 'ಬಾಬಾ' ಅನ್ನುತ್ತಾರೆ. ಅಪ್ಪ ಎಂದರ್ಥ.

ಕೋಲದಲ್ಲಿ ಮುಖ ಮುಚ್ಚುವುದು ಹೀಗಲ್ಲ. ಅರದಳದ ಹಳದಿ ಬಣ್ಣ, ಬೆನ್ನಿಗೆ ಅಣಿ, ಸೊಂಟಕ್ಕೆ ತೆಂಗಿನ ತಿರಿ. ಬಣ್ಣ ಹಚ್ಚುವಾಗ ಅವನ ತಾಯಿಯೋ ಹೆಂಡತಿಯೋ ತೆಂಬರೆ ಬಡಿಯುತ್ತಾ ಪಾಡ್ದನ ಹೇಳುತ್ತಾರೆ. ಕಾಲಿಗೆ ಗಗ್ಗರ ಏರಿದ ಮೇಲೆ ಅವನು ದೈವ. ಕಟ್ಟುವವರು ನಲಿಕೆ, ಪಂಬದ, ಪರವರು, ಪರಿಶಿಷ್ಟ ಜಾತಿ ಪಟ್ಟಿಯಲ್ಲಿರುವವರು. ಆ ರಾತ್ರಿ ಗುತ್ತಿನ ಯಜಮಾನ ಕೈಮುಗಿದು ನುಡಿ ಕೇಳುತ್ತಾನೆ. ಮರುದಿನ ಅದೇ ಮನೆಯಲ್ಲಿ ಅವರಿಗೆ ಅಂಗಳದಿಂದ ಮೇಲೆ ಹತ್ತಲು ಬಿಡದ ಕಾಲ ಇತ್ತು. ಇತ್ತು ಎಂದು ಬರೆದುಬಿಡುವುದು ಸುಲಭ.

ಇಲ್ಲೇ ಯೊರುಬಾದವರಿಗೂ ನಮಗೂ ಇರುವ ದೊಡ್ಡ ವ್ಯತ್ಯಾಸ. ಎಗುಂಗುನ್ ವೇಷದಲ್ಲಿ ಮರಳುವವರು ತಮ್ಮ ಮನೆಯ ಹಿರಿಯರು. ನಮ್ಮ ಕಡೆ ಮನೆಯ ಹಿರಿಯರಿಗೆ ಎಡೆ ಇಡುವುದು ಬೇರೆಯೇ ಕಟ್ಟಳೆ. ಅವರು ಇಷ್ಟಪಡುತ್ತಿದ್ದದ್ದನ್ನೆಲ್ಲ ಬಡಿಸಿ ಬಾಗಿಲು ಹಾಕಿ ಸುಮ್ಮನೆ ಕೂರುತ್ತೇವೆ. ಭೂತಗಳಲ್ಲಿ ಪಂಜುರ್ಲಿಯಂಥವು ಕಾಡುಹಂದಿಯ ಮೂಲದವು. ಮನುಷ್ಯರಾಗಿದ್ದು ಭೂತವಾದವರ ಕಥೆ ಕೇಳಿದರೆ ಮಾತ್ರ ಎದೆ ಝಲ್ಲೆನ್ನುತ್ತದೆ. ಅವರಲ್ಲಿ ಹಲವರು ಯಾರದೋ ಅಜ್ಜ ಅನ್ಯಾಯ ಮಾಡಿದ ಜನ.

ಕಲ್ಕುಡನನ್ನೇ ನೋಡಿ. ಊರಿಂದ ಊರಿಗೆ ಕಲ್ಕುಡ, ಕಲ್ಲುಕುಟಿಗ ಎಂದೆಲ್ಲ ಕರೆಯುತ್ತಾರೆ. ಪಾಡ್ದನದ ಪ್ರಕಾರ ಅವನು ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ. ಇಂಥದ್ದು ಇನ್ನೊಬ್ಬ ಅರಸನಿಗೆ ಸಿಗಬಾರದೆಂದು ಭೈರರಸ ಅವನ ಎಡಗೈ, ಬಲಗಾಲು ಕಡಿಸಿದ. ಅವನು ಉಳಿದ ಒಂದೇ ಕೈ, ಒಂದೇ ಕಾಲಿನಲ್ಲಿ ವೇಣೂರಿನ ಗೊಮ್ಮಟನನ್ನು ಕಡೆದ. ಕೊನೆಗೆ ಅಣ್ಣ ಕಲ್ಕುಡ, ತಂಗಿ ಕಲ್ಲುರ್ಟಿ ಇಬ್ಬರೂ ದೈವಗಳಾಗಿ ಅರಮನೆಗೆ ಉಪದ್ರ ಕೊಟ್ಟರು.

ಇತಿಹಾಸದ ಲೆಕ್ಕಕ್ಕೆ ಇದು ಕೂಡುವುದಿಲ್ಲ. 42 ಅಡಿಯ ಕಾರ್ಕಳದ ಮೂರ್ತಿ ನಿಂತದ್ದು 1432ರಲ್ಲಿ, ವೇಣೂರಿನದ್ದು 1604ರಲ್ಲಿ. ನಡುವೆ 172 ವರ್ಷ. ಒಬ್ಬನೇ ಎರಡನ್ನೂ ಕಡೆಯಲಾರ. ಹಾಗಂತ ಪಾಡ್ದನವನ್ನು ಸುಳ್ಳು ಎಂದು ಬದಿಗಿಡುವುದನ್ನು ನಾನು ಒಪ್ಪುವುದಿಲ್ಲ. ಶಾಸನ ಹೇಳುವುದು ನಿಲ್ಲಿಸಿದ ಅರಸ ವೀರಪಾಂಡ್ಯನ ಹೆಸರು. ಉಳಿ ಹಿಡಿದವನ ಕೈಗೆ ಏನಾಯಿತು ಎಂಬುದಕ್ಕೆ ತೆಂಬರೆ ಬಡಿಯುವ ಹೆಂಗಸರ ಹತ್ತಿರವೇ ಹೋಗಬೇಕು.

ಈ ಕಥೆ ಕೆಳಗಿನವರದ್ದು, ನಮಗೇನು ಎನ್ನುವಂತಿಲ್ಲ. ಭೈರರಸರದ್ದು ಕಳಸ-ಕಾರ್ಕಳ ರಾಜ್ಯ, ಒಂದು ಕಾಲು ಘಟ್ಟದ ಮೇಲೆ, ಒಂದು ಕೆಳಗೆ. ಇವತ್ತಿಗೂ ಕಾರ್ಕಳದಿಂದ ಹೊರಟು ಕೆರೆಕಟ್ಟೆ ದಾಟಿದರೆ ಶೃಂಗೇರಿ, ಹೆಬ್ರಿಯಿಂದ ಆಗುಂಬೆ ಹತ್ತಿದರೆ ಕೊಪ್ಪದ ಹಾದಿ. ಉಪ್ಪು, ಒಣಮೀನು ಬಂದ ದಾರಿಯಲ್ಲೇ ತೋಟದ ಕೆಲಸಕ್ಕೆ ಆಳುಗಳೂ ಬಂದರು, ಅವರ ಜೊತೆ ಅವರ ದೈವಗಳೂ.

ಆಫ್ರಿಕಾದಿಂದ ಗುಲಾಮರಾಗಿ ಬ್ರೆಜಿಲ್‌ಗೆ ಸಾಗಿಸಲ್ಪಟ್ಟ ಯೊರುಬಾದವರೂ ಹಿರಿಯರನ್ನು ಬಿಟ್ಟುಬರಲಿಲ್ಲ. ಬಹಿಯಾ ರಾಜ್ಯದ ಇಟಪರಿಕಾ ದ್ವೀಪದಲ್ಲಿ ಈಗಲೂ ಎಗುಂಗುನ್ ಬಟ್ಟೆ ತೊಟ್ಟು ಹೊರಬರುತ್ತಾನೆ. ಸಮುದ್ರ ದಾಟಿದರೂ ವೇಷ ಉಳಿಯಿತು. ನಮ್ಮಲ್ಲಿ ಹೆಚ್ಚಿನ ಕಡೆ ಘಟ್ಟ ಹತ್ತಿ ಉಳಿದದ್ದು ಕಲ್ಲು ಮತ್ತು ಹೆಸರು. ಈಗ ಕೆಲವು ಮನೆಯವರು ಕೆಳಗಿನಿಂದ ಕರೆಸಿ ಕೋಲ ಕಟ್ಟಿಸುತ್ತಾರೆ. ಉಳಿದ ಬನಗಳಲ್ಲಿ ಪಾಡ್ದನ ಹೇಳುವವರಿಲ್ಲ. ಕೈಕಾಲು ಕಳೆದುಕೊಂಡವನ ಕಥೆ ಹೋಗಿ, ಅವನ ಹೆಸರಿನ ಭಯ ಮಾತ್ರ ನಿಂತಿತು.

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಸಿಟ್ಟಾಗಿದ್ದು ಈ ಭಯದ ಮೇಲೆ. ಅವರ ಕಾದಂಬರಿಗಳಲ್ಲಿ ಭೂತದ ಬನ ಬರುತ್ತದೆ, ಹರಕೆ ಬರುತ್ತದೆ, ಅದನ್ನು ಪ್ರಶ್ನಿಸುವವರೂ ಬರುತ್ತಾರೆ. ಅವರ ಸಿಟ್ಟು ಸರಿ. ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ಒಯ್ಯದೆ ಬನಕ್ಕೆ ಕೋಳಿ ಒಯ್ದರೆ ಯಾರಿಗೂ ಒಳ್ಳೆಯದಾಗುವುದಿಲ್ಲ. ಆದರೆ ಭಯ ಬಿಟ್ಟವರು ಕಥೆಯನ್ನೂ ಬಿಟ್ಟರು, ಬನವನ್ನೂ ಬಿಟ್ಟರು. ಪಾಲಾದ ಮನೆಗಳಲ್ಲಿ ಭೂತ ಯಾರ ಪಾಲಿಗೆ ಎಂಬ ಜಗಳ, ಕೆಲವೆಡೆ ಮರ ಕಡಿದು ಅಡಿಕೆ ಸಸಿ ಇಟ್ಟದ್ದೂ ಆಗಿದೆ.

2022ರ ಸೆಪ್ಟೆಂಬರ್ 30ರಂದು 'ಕಾಂತಾರ' ತೆರೆಕಂಡ ಮೇಲೆ ಪಂಜುರ್ಲಿ, ಗುಳಿಗರ ಹೆಸರು ಊರೂರಿನ ಮೊಬೈಲ್‌ಗೆ ಬಂತು. ಮುಂದಿನ ತಿಂಗಳೇ ಸರ್ಕಾರ 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ಜೊತೆಗೆ ವೇದಿಕೆ ಮೇಲೆ, ಚಿತ್ರಮಂದಿರದಲ್ಲಿ ದೈವದ ವೇಷ ಹಾಕಿ ಕುಣಿಯುವವರೂ ಹುಟ್ಟಿಕೊಂಡರು. ಕೂಗು ಕಲಿತರು, ಪಾಡ್ದನ ಕಲಿಯಲಿಲ್ಲ.

ಬಂಟ್ವಾಳ ತಾಲ್ಲೂಕಿನ ಪಣೋಲಿಬೈಲಿನಲ್ಲಿ ಕಲ್ಲುರ್ಟಿಗೆ ಅಗೆಲು ಸೇವೆ ನಡೆಯುತ್ತದೆ. ಹರಕೆ ಹೊತ್ತವರ ದೊಡ್ಡ ಸಾಲೇ ಇರುತ್ತದೆ. ಅಗೆಲು ಅಂದರೆ ಬಾಳೆಲೆ ಮೇಲೆ ಅನ್ನ, ಕೋಳಿ ಸಾರು. ನಮ್ಮ ಮನೆಗಳಲ್ಲಿ ಹಿರಿಯರಿಗೆ ಬಡಿಸುವ ಎಲೆಯ ಹಾಗೆಯೇ. ಅಣ್ಣನ ಕೈ ಹೋದದ್ದನ್ನು ಕೇಳಲು ಅರಮನೆಗೆ ಹೋದ ತಂಗಿಗೆ ಜನ ಅದನ್ನು ಈಗಲೂ ಬಡಿಸುತ್ತಿದ್ದಾರೆ.