ಕಬ್ಬಿಣದ ಅದಿರಿಗೆ ತಾಮ್ರದ ಕಿರಣ ಸಾಕೆ?

ಸಂಡೂರು, ದೋಣಿಮಲೆ ಸೀಮೆಯ ಪಟ್ಟೆ ಅದಿರಿನಲ್ಲಿ ಹೆಮಟೈಟ್ ಮತ್ತು ಬೆಣಚುಕಲ್ಲು ಪದರ ಪದರವಾಗಿ ಕೂಡಿಕೊಂಡಿರುತ್ತವೆ. ಅದನ್ನು ಪುಡಿಮಾಡಿ ಯಾವ ಖನಿಜ ಎಷ್ಟಿದೆಯೆಂದು ಅಳೆಯಲು ಎಕ್ಸ್-ರೇ ವಿವರ್ತನೆಯನ್ನೇ ಮೊದಲು ನೆಚ್ಚುತ್ತೇವೆ. ಉಪಕರಣದಲ್ಲಿ ಸಾಮಾನ್ಯವಾಗಿ ಇರುವುದು ತಾಮ್ರದ ನಳಿಕೆ. ಕಬ್ಬಿಣ ಹೆಚ್ಚಿರುವ ಮಾದರಿಗೆ ಈ ಆಯ್ಕೆ ಸರಿಯಲ್ಲ ಎಂಬುದು ನನ್ನ ವಾದ.

ತಾಮ್ರದ ಕೆ-ಆಲ್ಫಾ ಕಿರಣದ ಶಕ್ತಿ 8.05 ಕಿಲೋ ಎಲೆಕ್ಟ್ರಾನ್ ವೋಲ್ಟ್. ಕಬ್ಬಿಣದ ಹೀರಿಕೆಯ ಅಂಚು 7.11. ಕಿರಣದ ಶಕ್ತಿ ಈ ಅಂಚಿಗಿಂತ ಮೇಲಿರುವುದರಿಂದ ಬಂದ ಕಿರಣವನ್ನು ಕಬ್ಬಿಣ ಹೀರಿ, 6.40ರಲ್ಲಿ ತನ್ನದೇ ಕಿರಣವನ್ನು ಹೊರಸೂಸುತ್ತದೆ. ಈ ಪ್ರತಿದೀಪ್ತಿಯಿಂದ ಹಿನ್ನೆಲೆ ಏರಿ, ಸಣ್ಣ ಶಿಖರಗಳು ಅದರೊಳಗೆ ಹುದುಗಿಹೋಗುತ್ತವೆ. ಶಿಖರ ಕಾಣಲಿಲ್ಲವೆಂದು ಮಾದರಿಯನ್ನು ಅಸ್ಫಟಿಕವೆಂದು ಕರೆಯುವ ಅವಸರ ಇಲ್ಲಿಯೇ ಹುಟ್ಟುವುದು. ಗ್ರಾಫೈಟ್ ಏಕವರ್ಣಕವನ್ನೋ ಶಕ್ತಿಭೇದ ಗುರುತಿಸುವ ಶೋಧಕವನ್ನೋ ಹಾಕಿದರೆ ಹಿನ್ನೆಲೆ ಇಳಿಯುತ್ತದೆ, ನಿಜ. ಆದರೆ ಹೀರಿಕೆ ಹಾಗೆಯೇ ಉಳಿಯುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಈ ಹೀರಿಕೆಯೇ. ತಾಮ್ರದ ಕಿರಣದ ತೀವ್ರತೆ ಶೇ. 37ಕ್ಕೆ ಕುಗ್ಗಲು ಹೆಮಟೈಟಿನಲ್ಲಿ ಸುಮಾರು 9 ಮೈಕ್ರಾನ್ ದಪ್ಪ ಸಾಕು. ಬೆಣಚುಕಲ್ಲಿನಲ್ಲಿ ಸುಮಾರು 100 ಮೈಕ್ರಾನ್ ಬೇಕು. ಹತ್ತಾರು ಮೈಕ್ರಾನಿನ ಹೆಮಟೈಟ್ ಕಣದ ಒಳಭಾಗಕ್ಕೆ ಕಿರಣ ಮುಟ್ಟುವುದೇ ಕಡಿಮೆ, ಅದರ ಪಕ್ಕದ ಬೆಣಚುಕಣವೋ ಪೂರ್ತಿ ಬೆಳಗುತ್ತದೆ. ಹಾಗಾಗಿ ಲೆಕ್ಕದಲ್ಲಿ ಕಬ್ಬಿಣದ ಖನಿಜದ ಪಾಲು ಇರುವುದಕ್ಕಿಂತ ಕಡಿಮೆ ಬರುತ್ತದೆ. ಬ್ರಿಂಡ್ಲಿ 1945ರಲ್ಲೇ ಇದಕ್ಕೆ ತಿದ್ದುಪಡಿ ಕೊಟ್ಟರು, ಆದರೆ ಅದನ್ನು ಬಳಸಲು ಕಣದ ಗಾತ್ರ ಗೊತ್ತಿರಬೇಕು. ಹೋಲಿಕೆಯ ಮಾನದಂಡವಾಗಿ ತೂಕ ಮಾಡಿದ ಕೊರಂಡಮ್ ಬೆರೆಸಿದರೂ ಈ ದೋಷ ನೀಗುವುದಿಲ್ಲ. ಹೀರಿಕೆಯಲ್ಲಿ ಕೊರಂಡಮ್ ಬೆಣಚುಕಲ್ಲಿಗೆ ಹತ್ತಿರ, ಹೆಮಟೈಟಿಗೆ ದೂರ.

ಕೋಬಾಲ್ಟ್ ನಳಿಕೆಯ ಕಿರಣ 6.93, ಅಂಚಿಗಿಂತ ಕೆಳಗೆ. ಅದು ಹೆಮಟೈಟಿನಲ್ಲಿ ಸುಮಾರು 40, ಬೆಣಚುಕಲ್ಲಿನಲ್ಲಿ 70ರ ಹತ್ತಿರ ಮೈಕ್ರಾನ್ ಇಳಿಯುತ್ತದೆ. ಹತ್ತು ಪಟ್ಟಿಗೂ ಮೀರಿದ್ದ ಅಂತರ ಎರಡು ಪಟ್ಟಿಗಿಂತ ಕೆಳಗೆ ಬರುತ್ತದೆ. ಕೋಬಾಲ್ಟ್ ನಳಿಕೆ ಸಿಗದಿದ್ದರೆ ಪುಡಿಯನ್ನು ಕೆಲವೇ ಮೈಕ್ರಾನಿಗೆ ಅರೆಯಲೇಬೇಕು. ಇಂದೋರಿನ ಇಂಡಸ್-2ರಂಥ ಸಿಂಕ್ರೊಟ್ರಾನಿನಲ್ಲಿ ಶಕ್ತಿಯನ್ನು ಬೇಕಾದಲ್ಲಿ ನಿಲ್ಲಿಸಬಹುದು, ಆದರೆ ದಿನನಿತ್ಯದ ಅದಿರು ಪರೀಕ್ಷೆಗೆ ಅದು ಒದಗುವ ಸಾಧನವಲ್ಲ.

ಕಬ್ಬಿಣದ ಖನಿಜಗಳಲ್ಲೇ ಹೆಮಟೈಟ್ ಎಷ್ಟು, ಗೋಥೈಟ್ ಎಷ್ಟು ಎಂಬುದಕ್ಕೆ ಮಾಸ್‌ಬೌವರ್ ವಿಧಾನ ಮೇಲು. ಕೋಬಾಲ್ಟ್-57 ಆಕರದಿಂದ ಹೊರಟ 14.4 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಗಾಮಾ ಕಿರಣಕ್ಕೆ ಕಬ್ಬಿಣ-57 ಮಾತ್ರ ಓಗೊಡುತ್ತದೆ. ಬೆಣಚುಕಲ್ಲಿನ ಸುದ್ದಿ ಅದರಲ್ಲಿ ಇಲ್ಲ. ಆಕರದ ಅರ್ಧಾಯುಷ್ಯ ಸುಮಾರು 272 ದಿನ. ಆಕರ ಹಳೆಯದಾದಷ್ಟೂ ಅಳತೆಗೆ ಹೆಚ್ಚು ಹೊತ್ತು ಬೇಕು. ವರದಿಯಲ್ಲಿ ಅದರ ವಯಸ್ಸು ದಾಖಲಾಗಿರಬೇಕು.

ನ್ಯೂಟ್ರಾನಿಗೆ ಕಬ್ಬಿಣದ ಹೀರಿಕೆಯ ಅಡ್ಡಿಯೇ ಇಲ್ಲ. ಸೆಂಟಿಮೀಟರುಗಟ್ಟಲೆ ಒಳಹೋಗುತ್ತದೆ, ಕಾಂತೀಯ ಜೋಡಣೆಯನ್ನೂ ತೋರಿಸುತ್ತದೆ. ಶುಲ್ ಮತ್ತು ಸಂಗಡಿಗರು 1951ರಲ್ಲಿ ಹೆಮಟೈಟಿನ ಕಾಂತರಚನೆಯನ್ನು ಕಂಡದ್ದು ಹೀಗೆ. ನಮ್ಮಲ್ಲಿ ಇದಕ್ಕೆ ಟ್ರಾಂಬೆಯ ಧ್ರುವ ರಿಯಾಕ್ಟರ್ ಇದೆ. ಆದರೆ ಗೋಥೈಟ್ ಹೆಚ್ಚಿದ್ದರೆ ಅದರೊಳಗಿನ ಹೈಡ್ರೋಜನ್ ನ್ಯೂಟ್ರಾನನ್ನು ಎಲ್ಲ ದಿಕ್ಕಿಗೂ ಚದುರಿಸಿ, ಹಿನ್ನೆಲೆಯನ್ನು ಮತ್ತೆ ಏರಿಸುತ್ತದೆ.